ಆಟ ಮುಗ್ಗರಸಬಾರದು ಅಂದ್ರ

ದೀಪಾವಳಿ ಸೂಟಿಗೆ ಬಂದ ಮಗ ಕಂಪ್ಯೂಟರ್ ಮುಂದ ಕೂತವ ಊಟಕ್ಕ ಕರದ್ರೂ ಏಳಲಿಲ್ಲ. ಹೋಗಿ ನೋಡಿದ್ರ ಮಾರಿ ಸಣ್ಣದು ಮಾಡಿಕೊಂಡು ಕೂತಿದ್ದ. "ಅವ್ವಾ, ಗೇಮ್ ಮುಗ್ಗರಸಲಿಕ್ಕತ್ತದ. ಹೊಸಾ ಗ್ರಾಫಿಕ್ಸ್ ಕಾರ್ಡ್ ಹಾಕಸಬೇಕು" ಅಂದ. ಎಷ್ಟಪಾ ಅಂತ ಕೇಳಿದೆ. 35 ಸಾವಿರ ಅಂತ! ಅಡಿಗಿಮನಿ ಕಟ್ಟಿಗೆ ಗ್ರಾನೈಟ್ ಹಾಕಸಲಿಕ್ಕೆ ನಾ ಕೂಡಿಟ್ಟ ರೊಕ್ಕ ಹೆಚ್ಚೂಕಡಿಮಿ ಅಷ್ಟೇ ಇತ್ತು. ಅದು ಅವಂಗೂ ಗೊತ್ತಿತ್ತು.

ಇಲ್ಲ ಅನ್ನೂಕಿಂತ ಮೊದಲ, ಈ ಮುಗ್ಗರಸೂದು ಅಂದ್ರೇನು ಅಂತ ತಿಳಕೋಬೇಕು ಅನಸ್ತು. ನಾಕು ಮಧ್ಯಾಹ್ನ ಓದಿದೆ. ಓದಿದ್ದನ್ನ ನಿಮಗೂ ಹೇಳತೀನಿ ವೈನಿ, ಯಾಕಂದ್ರ ನಿಮ್ಮ ಮನ್ಯಾಗೂ ಇದ ಜಗಳ ನಡದದ ಅಂತ ಕೇಳೀನಿ.

ಪರದೆ ಮ್ಯಾಲೆ ಓಡೋ ಚಿತ್ರ ಖರೇನ ಓಡೂದಿಲ್ಲ. ಒಂದರ ಹಿಂದ ಒಂದು ನಿಂತ ಚಿತ್ರ ಬರತಾವ, ಒಂದೊಂದಕ್ಕ ಫ್ರೇಮ್ ಅಂತಾರ. ಸಿನಿಮಾದಾಗ ಸೆಕೆಂಡಿಗೆ 24 ಇದ್ರ ಸಾಕಾಗತದ, ಅವೆಲ್ಲಾ ಮೊದಲ ತೆಗೆದಿಟ್ಟ ಚಿತ್ರ. ಆಟದಾಗ ಹಂಗಲ್ಲ. ಹುಡುಗ ಬೆರಳು ಒತ್ತಿದ ಮ್ಯಾಲೇನ ಮುಂದಿನ ಚಿತ್ರ ಬರೀಬೇಕು, ಅದೂ ಆ ಕ್ಷಣಕ್ಕ. ಬರಿಯೂದು ತಡಾ ಆತು ಅಂದ್ರ ಹಳೇ ಚಿತ್ರನ ನಿಂತಿರತದ. ಅದ ಮುಗ್ಗರಸೂದು.

1990ರೊಳಗ ಆಫೀಸಿನ ಪಿಸಿಗಳು ಈ ಕೆಲಸಕ್ಕ ಭಾಳ ದಡ್ಡ. ಟಿವಿಗೆ ಹಚ್ಚೋ ನಿಂಟೆಂಡೊ ಡಬ್ಬಿಯೊಳಗ ಹಿನ್ನೆಲಿ ಚಿತ್ರ ಸರಸಲಿಕ್ಕೆ ಅಂತನ ಮಾಡಿದ ಚಿಪ್ ಇತ್ತು, ಹಿಂಗಾಗಿ ಮಾರಿಯೊ ಎಣ್ಣಿಯೊಳಗ ಜಾರಿದಂಗ ಓಡತಿದ್ದ. ಪಿಸಿಯೊಳಗ ಅಂಥಾ ಅನುಕೂಲ ಕಡಿಮಿ. 320 ಅಡ್ಡ 200 ಉದ್ದ, ಅಂದ್ರ 64,000 ಚುಕ್ಕಿ, ಹೆಜ್ಜಿ ಹೆಜ್ಜಿಗೂ ಎಲ್ಲಾ ಹೊಸದಾಗಿ ತುಂಬಕೋತ ಕೂತ್ರ ಆಟ ಕುಂಟಕೋತ ನಡೀತಿತ್ತು.

ಅಮೇರಿಕಾದ ಲೂಸಿಯಾನಾದಾಗ ಶ್ರೀವ್‌ಪೋರ್ಟ್ ಅಂತ ಊರದ. ಅಲ್ಲಿ ಸಾಫ್ಟ್‌ಡಿಸ್ಕ್ ಅನ್ನೋ ಕಂಪನಿಯೊಳಗ ಜಾನ್ ಕಾರ್ಮ್ಯಾಕ್ ಅಂತ 20 ವರ್ಷದ ಹುಡುಗ ಇದ್ದ. ಅವ ಒಂದು ಮಾತು ಗಮನಿಸಿದ. ಮಾರಿಯೊ ಒಂದು ಹೆಜ್ಜಿ ಮುಂದ ಹ್ವಾದಾಗ ಪರದೆಯೊಳಗ ಖರೇನ ಬದಲಾಗೂದು ಎಷ್ಟು? ನೀಲಿ ಆಕಾಶದ ಬಾಜೂಕ ನೀಲಿ ಆಕಾಶನ ಇರತದ. ಹಂಗಾರ ಅದನ್ನ ಯಾಕ ಮತ್ತ ಬರೀಬೇಕು? ಇದ್ದ ಚಿತ್ರಾನ ಸ್ವಲ್ಪ ಸರಸಿ, ಎಲ್ಲಿ ಬ್ಯಾರೆ ಆಗ್ಯದೋ ಅಷ್ಟೇ ಚೌಕ ಹೊಸದಾಗಿ ಬರದ. ನಾವೂ ರಂಗೋಲಿಯ ಒಂದು ಮೂಲಿ ಕಾಲಾಗ ಅಳಿಸಿತು ಅಂದ್ರ ಪೂರಾ ಅಂಗಳ ಸಾರಸತೀವೇನು? ಆ ಮೂಲಿ ತಿದ್ದಿ ಒಳಗ ಬರತೀವಿ, ಅಷ್ಟ.

ಆ ಸೆಪ್ಟೆಂಬರ್ ತಿಂಗಳಾಗ ಒಂದು ರಾತ್ರಿ ಅವನೂ ಟಾಮ್ ಹಾಲ್ ಅನ್ನೋ ಗೆಳ್ಯಾನೂ ಕೂಡಿ ಸೂಪರ್ ಮಾರಿಯೊ ಬ್ರದರ್ಸ್ 3ರ ಮೊದಲನೇ ಹಂತ ಪಿಸಿ ಮ್ಯಾಲೆ ಇದ್ದಂಗ ಎಬ್ಬಿಸಿದ್ರು. ಫ್ಲಾಪಿ ಒಯ್ದು ಜೋಡಿ ಕೆಲಸಗಾರ ಜಾನ್ ರೊಮೆರೊನ ಮೇಜಿನ ಮ್ಯಾಲಿಟ್ರು. ಮುಂಜಾನೆ ಅದನ್ನ ಹಚ್ಚಿ ನೋಡಿದ ರೊಮೆರೊ, ಇನ್ನ ಈ ನೌಕರಿ ಸಾಕು, ನಮ್ದ ಕಂಪನಿ ಆಗಬೇಕು ಅಂತ ಹಟಾ ಹಿಡದ. ನಿಂಟೆಂಡೊದವರು ನಮಗ ಪಿಸಿ ಬ್ಯಾಡ ಅಂದ್ರು. ಹುಡುಗೂರು ಬಿಡಲಿಲ್ಲ, ಡಿಸೆಂಬರ್ 14ಕ್ಕ ತಮ್ಮ ಸ್ವಂತದ ಆಟ ಕಮಾಂಡರ್ ಕೀನ್ ಹೊರಗ ತಂದ್ರು. ಮುಂದಿನ ವರ್ಷ ಇಡ್ ಸಾಫ್ಟ್‌ವೇರ್ ಹುಟ್ಟಿತು.

ಕಂಪ್ಯೂಟರ್ ಅದ ಇತ್ತು ನೋಡ್ರಿ. ಒಂದು ರೂಪಾಯಿದ ಹೊಸಾ ಸಾಮಾನು ಹಾಕಿರಲಿಲ್ಲ.

1993ರ ಡಿಸೆಂಬರ್ 10ಕ್ಕ ಬಂದ ಡೂಮ್‌ನ ತೊಂದ್ರಿ ಬ್ಯಾರೆ. ಅಲ್ಲಿ ಖೋಲಿ, ಗ್ವಾಡಿ, ಪಾವಟಣಗಿ. ಯಾವ ಗ್ವಾಡಿ ಮುಂದ, ಯಾವುದು ಹಿಂದ ಅಂತ ಪ್ರತಿ ಚಿತ್ರಕ್ಕೂ ಲೆಕ್ಕಾ ಹಾಕಬೇಕು. ಕಾರ್ಮ್ಯಾಕ್ 1980ರ ಒಂದು ಪ್ರಬಂಧದ ಉಪಾಯ ತಗೊಂಡ. ಹೆನ್ರಿ ಫುಕ್ಸ್, ಜ್ವಿ ಕೆಡೆಮ್, ಬ್ರೂಸ್ ನೇಲರ್ ಅಂತ ಮೂವರು ಬರೆದದ್ದು. ಜಾಗಾನ ಎರಡೆರಡು ಭಾಗ ಮಾಡಕೋತ ಹೋಗಿ, ಗಿಡದ ಟೊಂಗಿ ಹಂಗ ಮೊದಲ ಬರದಿಟ್ಟಬಿಡೂದು. ಆಟ ಆಡೋವಾಗ ಆ ಟೊಂಗಿ ಹಿಡದು ಹ್ವಾದ್ರ ಹತ್ರದ್ದು ದೂರದ್ದು ತಾನ ಗೊತ್ತಾಗತದ. ಹಬ್ಬದ ಹಿಂದಿನ ರಾತ್ರಿ ಕೊಬ್ರಿ ತುರದು, ಬೆಲ್ಲಾ ಜಜ್ಜಿ, ಯಾಲಕ್ಕಿ ಕುಟ್ಟಿ ಡಬ್ಬಿಗೆ ಹಾಕಿಡತೀವಲ್ಲ, ಹಂಗ. ಡೂಮ್ ಸೆಕೆಂಡಿಗೆ 35 ಚಿತ್ರಕ್ಕಿಂತ ಜಾಸ್ತಿ ತೋರಸತಿರಲಿಲ್ಲ. ಪರದೆ ಸೆಕೆಂಡಿಗೆ 70 ಸಲ ಬೆಳಗತಿತ್ತು, ಹಿಂಗಾಗಿ ಪ್ರತಿ ಚಿತ್ರಕ್ಕ ಸರಿಯಾಗಿ ಎರಡು ಸಲ. 386 ಕಂಪ್ಯೂಟರ್ ಇದ್ದ ಬಡವರು ಆಟದ ಚೌಕಾನ ಅಂಚೆಚೀಟಿಯಷ್ಟು ಸಣ್ಣದು ಮಾಡಿಕೊಂಡು ಆಡತಿದ್ರು. ನಗಬ್ಯಾಡ್ರಿ, ಅದೂ ಉಪಾಯನ.

ಆಮ್ಯಾಲೆ 1996ರಾಗ ಕ್ವೇಕ್ ಬಂತು, ಅದ ವರ್ಷ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡೂ ಬಂತು. ಚಿತ್ರಾ ತುಂಬೋ ಕೆಲಸಕ್ಕ ಬ್ಯಾರೆ ಆಳನ್ನ ಇಟ್ಟಂಗ. 1997ರಾಗ ಕ್ವೇಕನ್ನ ಅದರ ಮ್ಯಾಲೆ ಓಡಿಸಿದಾಗ ಜನಾ ಬೆರಗಾದ್ರು. ಕಾರ್ಡಿನ ಉಪಕಾರ ನಾ ಅಲ್ಲಗಳಿಯೂದಿಲ್ಲ. ಆದ್ರ ಅಲ್ಲಿಂದ ಮುಂದ ಎಲ್ಲಾರೂ ಒಂದ ಅಂಕಿ ಹಿಂದ ಬಿದ್ರು, ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು.

ಆ ಅಂಕಿಯೊಳಗ ಮೋಸ ಅದ ಅಂತ 2011ರ ಸೆಪ್ಟೆಂಬರ್‌ದಾಗ ಟೆಕ್ ರಿಪೋರ್ಟ್‌ನ ಸ್ಕಾಟ್ ವಾಸನ್ ತೋರಿಸಿಕೊಟ್ಟ. ತಾಸಿಗೆ 60 ರೊಟ್ಟಿ ಬಡೀತೀನಿ ಅಂತ ನಾ ಹೇಳಬಹುದು. ಆದ್ರ ಹತ್ತು ರೊಟ್ಟಿ ಅರ್ಧ ಅರ್ಧ ನಿಮಿಷಕ್ಕ ಒಂದರಂತೆ ಹಾಕಿ, ಹನ್ನೊಂದನೇದಕ್ಕ ಆರು ನಿಮಿಷ ಹಚ್ಚಿದ್ರ, ಲೆಕ್ಕಾ ಸರಿನ ಬರತದ, ಉಣ್ಣಾಂವ ಮಾತ್ರ ಬರೇ ಗಂಗಾಳದಾಗ ಕೈ ಇಟ್ಟಕೊಂಡು ಕೂತಿರತಾನ. 60 ಫ್ರೇಮ್ ಅಂದ್ರ ಒಂದೊಂದಕ್ಕ ಸುಮಾರು 16.7 ಮಿಲಿಸೆಕೆಂಡ್. ನಡುವ ಒಂದ ಒಂದಕ್ಕ 100 ಮಿಲಿಸೆಕೆಂಡ್ ಹಿಡೀತು ಅಂದ್ರ ಕಣ್ಣು ಹಿಡೀತದ, ಸರಾಸರಿ ಹಿಡಿಯೂದಿಲ್ಲ. ಅದಕ್ಕ ಅವ ಒಂದೊಂದು ಫ್ರೇಮಿನ ವ್ಯಾಳ್ಯಾ ಅಳದ.

ಇದನ್ನ ಮಗನ ಮುಂದ ಹೇಳಿದೆ. "ಅವ್ವಾ, ನಿಂಗ್ಯಾರು ಹೇಳಿದ್ರು?" ಅಂದ. ಆಮ್ಯಾಲೆ ಇಬ್ಬರೂ ಕೂಡಿ ನೋಡಿದ್ವಿ. ಫ್ರೇಮ್ ಒಮ್ಮೆ 90ಕ್ಕ ಏರಿ ಒಮ್ಮೆ 30ಕ್ಕ ಬೀಳತಿತ್ತು. ಡಬ್ಬಿ ಬಿಚ್ಚಿದ್ರ ಫ್ಯಾನಿನ ಮ್ಯಾಲೆ ಹತ್ತಿಯಂಥಾ ಧೂಳು, ಪೇಂಟ್ ಬ್ರಶ್‌ಲೆ ಝಾಡಿಸಿದೆ. ಒಳಗ ಬಿಸಿ ಆದ್ರ ಕಂಪ್ಯೂಟರ್ ತಾನ ಸಾವಕಾಶ ಆಗತದಂತ. ನೆರಳಿನ ಸೆಟ್ಟಿಂಗ್ ಕೆಳಗ ಇಳಿಸಿದ, 60ಕ್ಕ ಮಿತಿ ಹಾಕಿದ. ಎರಡು ಆಟ ಈಗ ನೆಟ್ಟಗ ಓಡತಾವ. ಮೂರನೇದು, ಈ ವರ್ಷದ ಹೊಸಾದು, ಇನ್ನೂ ಮುಗ್ಗರಸತದ. ಅದರ ಮಾತು ಯುಗಾದಿ ಆದ ಮ್ಯಾಲೆ ಅಂತ ಇಬ್ಬರೂ ಒಪ್ಪೀವಿ.

ಗ್ರಾನೈಟಿನವ ಸೋಮವಾರ ಬರಾವಿದ್ದಾನ. ಕರೀ ಕಲ್ಲೋ, ಹಸರೋ ಅಂತ ಇನ್ನೂ ಗಟ್ಟಿ ಮಾಡಿಲ್ಲ. ನೀವು ಒಮ್ಮೆ ಬಂದು ನೋಡಿ ಹೋಗ್ರಿ ವೈನಿ.