ಮತಸ್ವಾತಂತ್ರ್ಯದ ವಿಕಾಸ: ಚಿನ್ನದ ಗಣಿಯ ಸೀಮೆಯಿಂದ ಒಂದು ಅವಲೋಕನ

ಮತಸ್ವಾತಂತ್ರ್ಯದ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಅಮೆರಿಕದ 1791ರ ಸಂವಿಧಾನ ತಿದ್ದುಪಡಿಯಿಂದಲೋ ಫ್ರಾನ್ಸಿನ 1905ರ ಶಾಸನದಿಂದಲೋ ಆರಂಭಿಸುವುದುಂಟು. ಅಲ್ಲಿನ ವ್ಯಾಜ್ಯ ಪ್ರಭುತ್ವಕ್ಕೂ ಚರ್ಚಿಗೂ ನಡೆದದ್ದು. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಾದರೋ, ಜಾತಿಯ ಕಟ್ಟಿಗೆ ಸಿಕ್ಕಿದ ಮನುಷ್ಯನು ತನ್ನ ಗುರುವನ್ನೂ ಧರ್ಮವನ್ನೂ ತಾನೇ ಆರಿಸಿಕೊಳ್ಳಬಲ್ಲನೆ ಎಂಬ ಮೂಲಭೂತ ಪ್ರಶ್ನೆಯೇ ಮುಂದೆ ಬಂದು ನಿಂತಿತು.

ಮೈಸೂರು ಸಂಸ್ಥಾನದ ಸಂಪ್ರದಾಯ ಬೇರ್ಪಡೆಯದಲ್ಲ, ಪೋಷಣೆಯದು. ದೇವಸ್ಥಾನಗಳಿಗೆ ತಸ್ತೀಕು ಎಂಬ ಸರ್ಕಾರಿ ಅನುದಾನವನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಲೆಕ್ಕ ಕೇಳುವ ಮುಜರಾಯಿ ಪದ್ಧತಿಗೆ 1927ರ ಶಾಸನವು ಸ್ಥಿರರೂಪವನ್ನಿತ್ತಿತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಭಾರತದ ಆಂಗ್ಲಿಕನ್ ಚರ್ಚನ್ನು ಇಂಗ್ಲೆಂಡಿನ ಚರ್ಚಿನ ಬಂಧದಿಂದ ಬಿಡಿಸುವ ಕಾಯಿದೆಯನ್ನು ಅಂಗೀಕರಿಸಿ, 1930ರಲ್ಲಿ ಅದನ್ನು ಜಾರಿಗೆ ತಂದಿತು. ಒಂದೆಡೆ ಪ್ರಭುತ್ವದ ಹಿಡಿತ ಬಿಗಿಯಾಗುತ್ತಿದ್ದಾಗ ಇನ್ನೊಂದೆಡೆ ಸಡಿಲವಾಗುತ್ತಿತ್ತು.

ಆದರೆ ಇವೆರಡರ ಆಚೆಗೆ ಮೂರನೆಯದೊಂದು ಚಳವಳಿ ಕೋಲಾರದ ಗಣಿಸೀಮೆಯ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳ ಕಾರ್ಮಿಕವಸತಿಗಳಲ್ಲಿ ಅದಾಗಲೇ ಬೇರೂರಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಯನ್ನು ವಹಿಸಿಕೊಂಡ ಮೇಲೆ, ಆಗ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಬಂದಿಳಿದ ತಮಿಳು ಕೂಲಿಕಾರರಲ್ಲಿ ಅನೇಕರು ಊರ ಗುಡಿಯ ಬಾಗಿಲು ತಮಗೆ ಮುಚ್ಚಿದ್ದನ್ನು ಕಂಡವರು. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದ ಅಯೋಧ್ಯಾದಾಸ ಪಂಡಿತರ ಬೋಧನೆ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ವಸತಿಗಳನ್ನು ತಲುಪಿತು. ಸಂಘದ ಶಾಖೆ ಹುಟ್ಟಿತು. ಸಿದ್ಧಾರ್ಥ ಮುದ್ರಣಾಲಯದಿಂದ ಪಂಡಿತರ ಗ್ರಂಥಗಳು ಹೊರಬಂದವು. ಯಾವ ಅರಸನ ಅಪ್ಪಣೆಯನ್ನೂ ಕಾಯದೆ, ನೆಲದಾಳದಲ್ಲಿ ದುಡಿಯುವ ಜನ ಬುದ್ಧನನ್ನು ವರಿಸಿದ ಈ ಘಟನೆಯೇ ನಮ್ಮ ನಾಡಿನ ಮತಸ್ವಾತಂತ್ರ್ಯದ ಉಜ್ಜ್ವಲವಾದ ಅಧ್ಯಾಯವೆಂದು ನಾನು ಎಣಿಸುತ್ತೇನೆ.

ಸಂವಿಧಾನದ 25ರಿಂದ 28ರವರೆಗಿನ ವಿಧಿಗಳು ಈ ಆಯ್ಕೆಗೆ ಶಾಸನದ ಬಲವನ್ನಿತ್ತವು. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಧರ್ಮದ ಸಾರಭೂತವಾದ ಆಚರಣೆಗಳಿಗೆ ರಕ್ಷಣೆ ಕೊಟ್ಟಿತು; 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ತೀರ್ಪಿನಲ್ಲಿ, ಪಂಗಡದ ವಿಶೇಷ ಸೇವೆಗಳನ್ನು ಉಳಿಸಿ, ದೇವದರ್ಶನದ ಬಾಗಿಲನ್ನು ಸಮಸ್ತ ಹಿಂದೂಗಳಿಗೆ ತೆರೆಯಿತು. ಮಠದ ಸ್ವಾತಂತ್ರ್ಯ ಒಂದು, ಮನುಷ್ಯನ ಸ್ವಾತಂತ್ರ್ಯ ಇನ್ನೊಂದು. ಎರಡಕ್ಕೂ ಎಡೆಮಾಡುವ ಹೊಣೆಯಿಂದಾಗಿಯೇ ನಮ್ಮ ಪ್ರಭುತ್ವವು ಪಾಶ್ಚಾತ್ಯ ಮಾದರಿಯಂತೆ ಧರ್ಮದಿಂದ ಸಂಪೂರ್ಣ ದೂರ ನಿಲ್ಲಲಾರದಾಯಿತು.

ಆ ಹೊಣೆಗೂ ಒಂದು ಎಲ್ಲೆಯುಂಟು. ಮತಾಂತರಕ್ಕೆ ಮೂವತ್ತು ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿದ ಕರ್ನಾಟಕದ 2022ರ ಶಾಸನವನ್ನು ರದ್ದುಪಡಿಸಲು ಮರುವರ್ಷವೇ ಸಚಿವ ಸಂಪುಟ ನಿರ್ಧರಿಸಿದುದು ಉಚಿತವೇ ಸರಿ. ಗುಡಿಯ ಬಾಗಿಲನ್ನು ತೆರೆಸುವ ಪ್ರಭುತ್ವವು ನ್ಯಾಯವನ್ನು ಮಾಡುತ್ತದೆ. ಅಂತಃಕರಣದ ಬಾಗಿಲಲ್ಲಿ ಕಾವಲು ಕೂರುವ ಪ್ರಭುತ್ವವು, ಮಾರಿಕುಪ್ಪಂನ ಕೂಲಿಕಾರರು ನೂರು ವರ್ಷಗಳ ಹಿಂದೆ ಯಾರ ಅನುಮತಿಯೂ ಇಲ್ಲದೆ ಪಡೆದ ಹಕ್ಕನ್ನು, ಅವರ ಮೊಮ್ಮಕ್ಕಳು ಅರ್ಜಿ ಹಿಡಿದು ಬೇಡುವಂತೆ ಮಾಡುತ್ತದೆ.