ಜೂನ್ 6 (ಜನ್ಮದಿನ)

ಜೂನ್ 6 ಗ್ರೆಗೋರಿಯನ್ ವರ್ಷದ 157ನೆಯ ದಿನ; ಅಧಿಕ ವರ್ಷದಲ್ಲಿ 158ನೆಯದು. ಕನ್ನಡ ನಾಡಿನ ಮಟ್ಟಿಗೆ ಈ ದಿನಕ್ಕೆ ಮಹತ್ವ ಬಂದಿರುವುದು ಹಳೆಯ ಕೋಲಾರ ಜಿಲ್ಲೆಯ ಇಬ್ಬರಿಂದ. ಒಬ್ಬರು ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986), ಇನ್ನೊಬ್ಬರು ಭೌತವಿಜ್ಞಾನಿ, ವಿಚಾರವಾದಿ ಎಚ್. ನರಸಿಂಹಯ್ಯ (1920–2005). ಹೊರಗಿನ ಲೋಕದಲ್ಲಿ ಪುಷ್ಕಿನ್, ಥಾಮಸ್ ಮನ್, ಸುಕರ್ಣೊ ಮೊದಲಾದವರ ಹುಟ್ಟುಹಬ್ಬವೂ ಇದೇ ದಿನ. ಪಟ್ಟಿ ಉದ್ದವಾಗಿಯೇ ಇದೆ. ಆದರೆ ಅದರಲ್ಲಿರುವ ಎಲ್ಲರ 'ಜೂನ್ 6' ಒಂದೇ ಬಗೆಯದಲ್ಲ.

ಮಾಸ್ತಿ ಮತ್ತು ಎಚ್ಚೆನ್

ಮಾಸ್ತಿಯವರು ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ, ತಮಿಳು ಮನೆಮಾತಿನ ಶ್ರೀವೈಷ್ಣವ ಕುಟುಂಬದಲ್ಲಿ. 1914ರಲ್ಲಿ ಮೈಸೂರು ಸಿವಿಲ್ ಸರ್ವೀಸ್ ಸೇರಿ ಅಸಿಸ್ಟೆಂಟ್ ಕಮಿಷನರ್ ಆದರು. ಅಬಕಾರಿ ಕಮಿಷನರ್ ಹುದ್ದೆಯವರೆಗೂ ಏರಿ 1943ರಲ್ಲಿ ರಾಜೀನಾಮೆ ಕೊಟ್ಟರು. 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಬರೆದರು. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅವರು ತೀರಿಕೊಂಡದ್ದು 1986ರ ಜೂನ್ 6ರಂದು, 95 ತುಂಬಿದ ದಿನವೇ. ಹುಟ್ಟಿದ ತಾರೀಖಿನಲ್ಲೇ ತೀರಿಕೊಂಡವರು ಅಪರೂಪವಾದರೂ ಇಲ್ಲವೆಂದಲ್ಲ. ನಟಿ ಇಂಗ್ರಿಡ್ ಬರ್ಗ್‌ಮನ್ ಹುಟ್ಟಿದ್ದೂ ಸತ್ತದ್ದೂ ಆಗಸ್ಟ್ 29ರಂದು.

ಮಾಸ್ತಿಯವರ 'ಕೆಲವು ಸಣ್ಣ ಕಥೆಗಳು' ಅಚ್ಚಾದ 1920ರಲ್ಲೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ನರಸಿಂಹಯ್ಯ ಹುಟ್ಟಿದರು. ಬಡತನದ ಮನೆ. ಹೈಸ್ಕೂಲು ಸೇರಲು ಊರಿನಿಂದ ಬೆಂಗಳೂರಿಗೆ ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನಡೆದೇ ಬಂದ ಹುಡುಗ ಅವರು. ಮುಂದಿನ ವರ್ಷ, 1936ರಲ್ಲಿ, ಗಾಂಧೀಜಿ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಮಾಡಿ ಹೇಳಿದ್ದೂ ಈ ಹುಡುಗನೇ. 1942ರ ಚಳವಳಿಯಲ್ಲಿ ಜೈಲು ಕಂಡರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಬೀಜ ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು ಅದೇ ಕಾಲೇಜಿಗೆ, ಅದೇ ಹಾಸ್ಟೆಲ್ ವಾಸಕ್ಕೆ ಮರಳಿದರು. ಬ್ರಹ್ಮಚಾರಿ, ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಎಲ್ಲರ ಬಾಯಲ್ಲೂ 'ಎಚ್ಚೆನ್'.

1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದ್ದು ದೇಶದ ಗಮನ ಸೆಳೆಯಿತು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಸಮಿತಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಿಂದ ಪುಟ್ಟಪರ್ತಿ ದೂರವಲ್ಲ. ಬಾಬಾ ಭಕ್ತರು ಮನೆಮನೆಯಲ್ಲೂ ಇದ್ದ ಸೀಮೆಯಿಂದ ಬಂದವರು ಕೇಳಿದ ಪ್ರಶ್ನೆ ಅದು ಎಂಬುದನ್ನು ಮರೆಯಬಾರದು. 1984ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆತ್ಮಕಥೆ 'ಹೋರಾಟದ ಹಾದಿ'.

ಇಬ್ಬರೂ ಬಹುಕಾಲ ಬೆಂಗಳೂರಿನ ಒಂದೇ ಭಾಗದಲ್ಲಿ ಬಾಳಿದವರು: ಮಾಸ್ತಿ ಗವಿಪುರದಲ್ಲಿ, ಎಚ್ಚೆನ್ ಬಸವನಗುಡಿಯಲ್ಲಿ. ಒಬ್ಬರು ದೈವಶ್ರದ್ಧೆಯ ಅಯ್ಯಂಗಾರ್, ಇನ್ನೊಬ್ಬರು ಜ್ಯೋತಿಷ್ಯವನ್ನು ಸಭೆಯಲ್ಲೇ ಅಲ್ಲಗಳೆಯುತ್ತಿದ್ದ ಮೇಷ್ಟ್ರು. ಒಂದೇ ದಿನ ಹುಟ್ಟಿದವರ ಸ್ವಭಾವವೂ ಒಂದೇ ಎಂಬ ವಾದಕ್ಕೆ ಈ ಜೋಡಿಯಿಂದ ಹೆಚ್ಚು ಬಲ ಸಿಗಲಾರದು. ಕಾಕತಾಳೀಯವೆಂದು ಬೆರಗುಪಡಬೇಕಾದ್ದೂ ಇಲ್ಲ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಅವರಲ್ಲಿ 253 ಜೋಡಿಗಳಾಗುತ್ತವೆ. ಯಾರಾದರೂ ಇಬ್ಬರ ಜನ್ಮದಿನ ಒಂದೇ ಆಗುವ ಸಂಭವ ಅಷ್ಟಕ್ಕೇ ಅರ್ಧವನ್ನು ದಾಟುತ್ತದೆ. 57 ಜನರಾದರೆ ಶೇ. 99. ಶಿವರಾಮ ಕಾರಂತ (1902) ಮತ್ತು ಆರ್. ಕೆ. ನಾರಾಯಣ್ (1906) ಇಬ್ಬರೂ ಅಕ್ಟೋಬರ್ 10ರಂದು, ರಾಜ್‌ಕುಮಾರ್ (1929) ಮತ್ತು ಸಚಿನ್ ತೆಂಡೂಲ್ಕರ್ (1973) ಇಬ್ಬರೂ ಏಪ್ರಿಲ್ 24ರಂದು ಹುಟ್ಟಿದ್ದೂ ಇದೇ ಲೆಕ್ಕದೊಳಗಿನ ಮಾತು.

ಹಳೆಯ ಲೆಕ್ಕ, ಹೊಸ ಲೆಕ್ಕ

ಜೂನ್ 6ರ ಪಟ್ಟಿಯಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಮೂವರು ಒಟ್ಟಿಗೆ ಸಿಗುತ್ತಾರೆ: ಕವಿ ಅಲೆಕ್ಸಾಂಡರ್ ಪುಷ್ಕಿನ್ (1799), ಗಣಿತಜ್ಞ ಅಲೆಕ್ಸಾಂಡರ್ ಲ್ಯಾಪುನೊವ್ (1857), ಸಂಗೀತ ಸಂಯೋಜಕ ಅರಾಂ ಖಚತುರಿಯಾನ್ (1903). ಆದರೆ ಮನೆಯವರು ಬರೆದಿಟ್ಟುಕೊಂಡ ತಾರೀಖು ಮೂವರದೂ ಬೇರೆ. ಪುಷ್ಕಿನ್‌ರದು ಮೇ 26, ಲ್ಯಾಪುನೊವ್‌ರದು ಮೇ 25, ಖಚತುರಿಯಾನ್‌ರದು ಮೇ 24.

ಕಾರಣ ಹೀಗಿದೆ. ಜೂಲಿಯನ್ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ದಿನ ಬರುತ್ತದೆ. 1582ರ ಗ್ರೆಗೋರಿಯನ್ ತಿದ್ದುಪಡಿಯಲ್ಲಿ ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ದಿನ ಉಂಟು. ಹಾಗಾಗಿ 1700, 1800, 1900 ಈ ಮೂರೂ ವರ್ಷಗಳು ಹಳೆಯ ಲೆಕ್ಕದಲ್ಲಿ ಅಧಿಕ, ಹೊಸದರಲ್ಲಿ ಅಲ್ಲ. ಎರಡರ ಅಂತರ ಹದಿನೆಂಟನೆಯ ಶತಮಾನದಲ್ಲಿ 11 ದಿನ, ಹತ್ತೊಂಬತ್ತನೆಯದರಲ್ಲಿ 12, ಇಪ್ಪತ್ತನೆಯದರಲ್ಲಿ 13. 26ಕ್ಕೆ 11, 25ಕ್ಕೆ 12, 24ಕ್ಕೆ 13 ಕೂಡಿಸಿದರೆ ಪ್ರತಿ ಸಲವೂ ಬರುವುದು ಜೂನ್ 6. ರಷ್ಯಾ ಹೊಸ ಲೆಕ್ಕಕ್ಕೆ ಬಂದದ್ದು 1918ರಲ್ಲಿ. ಅಲ್ಲಿ ಆ ವರ್ಷ ಜನವರಿ 31 ಕಳೆದ ಮಾರನೆಯ ದಿನ ಫೆಬ್ರವರಿ 14. ಮೂವರಲ್ಲಿ ಪುಷ್ಕಿನ್ ಮಾತ್ರ ಅದನ್ನು ಕಾಣಲಿಲ್ಲ. ಈಗ ವಿಶ್ವಸಂಸ್ಥೆ ರಷ್ಯನ್ ಭಾಷಾ ದಿನವನ್ನು ಆಚರಿಸುವುದು ಪುಷ್ಕಿನ್‌ರ ಈ ಹೊಸ ತಾರೀಖಿನಂದು.

ಇದೇ ನಿಯಮವನ್ನು ಎಲ್ಲರಿಗೂ ಅನ್ವಯಿಸಿದರೆ ಪಟ್ಟಿಯಿಂದ ಹೊರಗೆ ಹೋಗಬೇಕಾದವರೂ ಇದ್ದಾರೆ. ಜರ್ಮನ್ ಖಗೋಳಜ್ಞ ರೆಗಿಯೊಮೊಂಟಾನಸ್ 1436ರ ಜೂನ್ 6ರಂದು ಹುಟ್ಟಿದರೆನ್ನುವುದು ಹಳೆಯ ಲೆಕ್ಕದಂತೆ. ಹೊಸದಕ್ಕೆ ತಂದರೆ ಜೂನ್ 15 ಆಗುತ್ತದೆ. 1582ಕ್ಕೆ ಹಿಂದಿನವರ ತಾರೀಖನ್ನು ಮುಟ್ಟದೆ ಬಿಡುವುದು ಚರಿತ್ರೆಕಾರರ ರೂಢಿಯಾದ್ದರಿಂದ ಅವರು ಇಲ್ಲೇ ಉಳಿದಿದ್ದಾರೆ. ಪಂಚಾಂಗದ ತಿದ್ದುಪಡಿಗೆಂದೇ ಪೋಪ್ ನಾಲ್ಕನೆಯ ಸಿಕ್ಸ್ಟಸ್ ಕರೆಸಿಕೊಂಡು, ರೋಮಿಗೆ ಹೋಗಿ, ಕೆಲಸ ಮುಗಿಯುವ ಮುನ್ನ 1476ರಲ್ಲಿ ತೀರಿಕೊಂಡವರು ಇವರೇ. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ವಿಚಾರದಲ್ಲಿ ತೊಡಕು ಬೇರೆ: 1599ರ ಜೂನ್ 6 ಅವರ ನಾಮಕರಣದ ದಿನ. ಹುಟ್ಟಿದ್ದು ಅದಕ್ಕೆ ಒಂದೆರಡು ದಿನ ಮೊದಲಿರಬಹುದು.

ತಿಥಿ, ಚಂದ್ರಮಾಸ, ಅಲೀಪುರ

ಕ್ಯಾಲೆಂಡರಿನ ತಾರೀಖು ಬಿಟ್ಟು ಪಂಚಾಂಗ ನೋಡಿದರೆ ಮಾಸ್ತಿ, ಎಚ್ಚೆನ್ ಇಬ್ಬರ ಜನ್ಮದಿನ ಒಂದಾಗುವುದಿಲ್ಲ. 1891ರ ಜೂನ್ 6 ಅಮಾವಾಸ್ಯೆ. ನಮ್ಮ ಕಡೆ ಕಾಣದ ಕಂಕಣ ಸೂರ್ಯಗ್ರಹಣವೂ ಅಂದು ಆಗಿತ್ತು. 1920ರ ಜೂನ್ 6 ಹುಣ್ಣಿಮೆ ಕಳೆದ ನಾಲ್ಕಾರು ದಿನಕ್ಕೆ, ಬಹುಳದ ಮೊದಲ ವಾರದಲ್ಲಿ ಬಂತು. ತಾರೀಖೂ ತಿಥಿಯೂ ಮತ್ತೆ ಸರಿಸುಮಾರಾಗಿ ಕೂಡುವುದು 19 ವರ್ಷಕ್ಕೊಮ್ಮೆ. ಇವರಿಬ್ಬರ ನಡುವಿನ ಅಂತರ 29.

ತಿಥಿಯ ಲೆಕ್ಕದಲ್ಲಿ ಜನ್ಮದಿನ ಹಂಚಿಕೊಂಡವರು ಬೇರೆಯೇ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ, ಅಂದರೆ ಯೋಗಿ ನಾರೇಯಣರ ಜಯಂತಿಯನ್ನು ಫಾಲ್ಗುಣ ಹುಣ್ಣಿಮೆಯಂದು ಆಚರಿಸುತ್ತಾರೆ. ಬಂಗಾಳದ ಚೈತನ್ಯರು ಹುಟ್ಟಿದ್ದೂ 1486ರ ಫಾಲ್ಗುಣ ಹುಣ್ಣಿಮೆಯಂದು. ಬಸವ ಜಯಂತಿಯ ವೈಶಾಖ ಶುದ್ಧ ತದಿಗೆ ಪರಶುರಾಮ ಜಯಂತಿಯ ದಿನವೂ ಹೌದು.

ಎಚ್ಚೆನ್ ಹುಟ್ಟಿದ ತಾಲ್ಲೂಕಿನಲ್ಲೇ ಇರುವ ಅಲೀಪುರ ಬಹುಪಾಲು ಶಿಯಾ ಮುಸ್ಲಿಮರ ಊರು, ಹರಳಿನ ವ್ಯಾಪಾರಕ್ಕೆ ಹೆಸರಾದದ್ದು. ಶಿಯಾ ಸಂಪ್ರದಾಯದಂತೆ ಪ್ರವಾದಿ ಮುಹಮ್ಮದರೂ ಆರನೆಯ ಇಮಾಮ್ ಜಾಫರ್ ಸಾದಿಕರೂ ಹುಟ್ಟಿದ್ದು ರಬೀಉಲ್ ಅವ್ವಲ್ 17ರಂದು. ಇಬ್ಬರ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರ. ಸುನ್ನಿಗಳು ಪ್ರವಾದಿಯ ಜನ್ಮದಿನವನ್ನು ಅದೇ ತಿಂಗಳ 12ರಂದು ಆಚರಿಸುತ್ತಾರೆ. ಶಾಬಾನ್ ತಿಂಗಳಲ್ಲಿ ಜನ್ಮದಿನಗಳು ಒಂದರ ಹಿಂದೊಂದು ಬರುತ್ತವೆ: 3ಕ್ಕೆ ಇಮಾಮ್ ಹುಸೇನ್, 4ಕ್ಕೆ ಅವರ ತಮ್ಮ ಅಬ್ಬಾಸ್, 5ಕ್ಕೆ ಮಗ ಜೈನುಲ್ ಆಬಿದೀನ್. ಹಿಜರಿ ವರ್ಷ 354 ಅಥವಾ 355 ದಿನಗಳದು, ಅಧಿಕಮಾಸ ಇಲ್ಲ. ಆದ್ದರಿಂದ ಈ ಜಶ್ನ್‌ಗಳು ವರ್ಷವರ್ಷವೂ ಹನ್ನೊಂದು ದಿನದಷ್ಟು ಹಿಂದೆ ಸರಿದು, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಈ ಲೆಕ್ಕದಲ್ಲಿ ಮಾಸ್ತಿಯವರದು ಶವ್ವಾಲ್ ತಿಂಗಳ ಕೊನೆಯ ಜನನ, ಎಚ್ಚೆನ್‌ರದು ರಂಜಾನ್ ನಡುವಿನದು.

ಶಾಲೆಯ ದಾಖಲೆ

ಹಳ್ಳಿಗಾಡಿನ ಜನ್ಮದಿನಗಳಲ್ಲಿ ಜೂನ್ ತಿಂಗಳು ಅನುಮಾನಕ್ಕೆ ಎಡೆಮಾಡುವಂಥದು. ಮಗುವನ್ನು ಶಾಲೆಗೆ ಸೇರಿಸುವಾಗ ತಂದೆತಾಯಿಗೆ ನೆನಪಿದ್ದದ್ದು ಬರ, ಜಾತ್ರೆ, ಇಲ್ಲವೆ ಸುಗ್ಗಿ. ಹೆಡ್‌ಮಾಸ್ಟರು ವಯಸ್ಸು ಕೂಡುವಂತೆ ಲೆಕ್ಕ ಹಾಕಿ ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಅದೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಯ ದಾಖಲೆಗೆ ಇಳಿಯಿತು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಜೂನ್ 6ಕ್ಕೆ ಈ ಅನುಮಾನ ಅಷ್ಟಾಗಿ ತಟ್ಟದು. ಊಹಿಸಿ ಬರೆಯುವವರು ಸಾಮಾನ್ಯವಾಗಿ ತಿಂಗಳ ಮೊದಲ ದಿನವನ್ನೇ ಆರಿಸಿಕೊಳ್ಳುತ್ತಾರೆ.

ಇತರರು

ಭೌತವಿಜ್ಞಾನಿಗಳಿಗೆ ಈ ದಿನ ಒಲಿದಿರುವಂತೆ ಕಾಣುತ್ತದೆ. 1897ರಲ್ಲಿ ಕ್ಯಾಥೋಡ್ ಕಿರಣ ಕೊಳವೆ ರೂಪಿಸಿ, 1909ರಲ್ಲಿ ಮಾರ್ಕೋನಿ ಜೊತೆ ನೊಬೆಲ್ ಹಂಚಿಕೊಂಡ ಕಾರ್ಲ್ ಫರ್ಡಿನಂಡ್ ಬ್ರೌನ್ (1850), ಒಂದೊಂದು ಪರಮಾಣುವನ್ನೂ ಬಿಡಿಬಿಡಿಯಾಗಿ ತೋರಿಸುವ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕಕ್ಕೆ 1986ರಲ್ಲಿ ನೊಬೆಲ್ ಪಡೆದ ಹೈನ್ರಿಕ್ ರೋರರ್ (1933) ಇಬ್ಬರೂ ಅಂದು ಹುಟ್ಟಿದವರು. ಸಾಹಿತ್ಯದಲ್ಲಿ ಫ್ರೆಂಚ್ ನಾಟಕಕಾರ ಕಾರ್ನೇಯ್ (1606), 1929ರ ನೊಬೆಲ್ ಪಡೆದ ಥಾಮಸ್ ಮನ್ (1875), ಅಮೆರಿಕದ ಕವಯಿತ್ರಿ ಮ್ಯಾಕ್ಸಿನ್ ಕ್ಯೂಮಿನ್ (1925) ಇದ್ದಾರೆ. ದಕ್ಷಿಣ ಧ್ರುವದಿಂದ ಮರಳುವಾಗ ಮಡಿದ ರಾಬರ್ಟ್ ಸ್ಕಾಟ್ (1868), ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ಣೊ (1901), ತತ್ತ್ವಚಿಂತಕ ಐಸಾಯಾ ಬರ್ಲಿನ್ (1909), ಹಿಂದಿ ನಟ ಸುನಿಲ್ ದತ್ (1929) ಇವರದೂ ಇದೇ ದಿನ. ಕ್ರೀಡೆಯಲ್ಲಿ, 1968ರ ಮೆಕ್ಸಿಕೊ ಒಲಿಂಪಿಕ್ಸ್ ಪದಕ ವೇದಿಕೆಯ ಮೇಲೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿದ ಟಾಮಿ ಸ್ಮಿತ್ (1944) ಮತ್ತು 1976ರಿಂದ ಸತತ ಐದು ವಿಂಬಲ್ಡನ್ ಗೆದ್ದ ಬ್ಯೋರ್ನ್ ಬೋರ್ಗ್ (1956).