ಕೇಬಲ್ ವೈರಿನಲ್ಲಿ ಇಂಟರ್‌ನೆಟ್

1991ರ ಕೊಲ್ಲಿ ಯುದ್ಧದ ನಂತರ ನಮ್ಮ ದೇಶದಲ್ಲಿ ಕೇಬಲ್ ಟಿ.ವಿ. ಹಬ್ಬಿತು. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಕನ್ನಡದ ಮನೆಗಳಲ್ಲೂ ಅದರ ಬೇಡಿಕೆ ಹೆಚ್ಚಿತು. ಅದೇ ವೈರಿನಲ್ಲಿ ಬೆಂಗಳೂರಿಗೆ ಬಂದ ಇಂಟರ್‌ನೆಟ್ ಸೈದಾಪುರದಂಥ ಊರುಗಳಿಗೆ ಅಷ್ಟೇ ಬೇಗ ಏಕೆ ಬರಲಿಲ್ಲ ಎಂದು ನೀವು ಕೇಳಬಹುದು.

ಟಿ.ವಿ. ಚಿತ್ರ ಆಪರೇಟರನ ಕೋಣೆಯಿಂದ ಮನೆಗೆ ಬಂದರೆ ಸಾಕು. ಇಂಟರ್‌ನೆಟ್ಟಿಗೆ ಮನೆಯಿಂದ ಮರಳಿ ಹೋಗುವ ದಾರಿಯೂ ಬೇಕು. ಹಳೆಯ ಕೇಬಲ್ಲಿನ ಆಂಪ್ಲಿಫೈಯರುಗಳು ಒಂದೇ ದಿಕ್ಕಿನವು. ಅವನ್ನೆಲ್ಲ ಬದಲಿಸಬೇಕು, ಮುಖ್ಯ ಮಾರ್ಗಕ್ಕೆ ಫೈಬರ್ ಎಳೆಯಬೇಕು, ಮನೆಮನೆಗೆ ಕೇಬಲ್ ಮೋಡೆಮ್ ಇಡಬೇಕು. ಇದಕ್ಕೆ ಬೇಕಾದ ಡಾಕ್ಸಿಸ್ ಎಂಬ ತಾಂತ್ರಿಕ ಮಾನದಂಡ 1997ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. 1998ರಲ್ಲಿ ನಮ್ಮ ಸರಕಾರ ಇಂಟರ್‌ನೆಟ್ ಸೇವೆಯನ್ನು ಖಾಸಗಿಯವರಿಗೆ ತೆರೆಯಿತು. ಮುಂದೆ ಹ್ಯಾಥ್‌ವೇಯಂಥ ಕಂಪನಿಗಳು ಬೆಂಗಳೂರಿನಲ್ಲಿ ಈ ಸೇವೆ ಕೊಟ್ಟವು. 2004ರ ಬ್ರಾಡ್‌ಬ್ಯಾಂಡ್ ನೀತಿಯೂ ಕೇಬಲ್ ಜಾಲವನ್ನು ಒಂದು ದಾರಿಯೆಂದು ಒಪ್ಪಿ, ಕನಿಷ್ಠ ವೇಗವನ್ನು 256 ಕಿಲೋಬಿಟ್ ಎಂದು ಗೊತ್ತುಮಾಡಿತು. ನೀತಿಯೇನೋ ಒಳ್ಳೆಯದೇ. ಆದರೆ ನೂರಿನ್ನೂರು ಮನೆಗಳ ಬಾಡಿಗೆಯ ಮೇಲೆ ಬದುಕುವ ಆಪರೇಟರ್ ಅಷ್ಟು ಬಂಡವಾಳ ಎಲ್ಲಿಂದ ತಂದಾನು?

ಸೈದಾಪುರ ವಾಡಿ–ರಾಯಚೂರು ರೈಲು ಮಾರ್ಗದ ಮೇಲಿರುವ ಊರು. ರೈಲು ಹಳಿಗಳ ಗುಂಟ ಫೈಬರ್ ಹಾಕಲು 2000ದಲ್ಲಿ ರೈಲ್‌ಟೆಲ್ ಸ್ಥಾಪನೆಯಾಯಿತು. ಮುಂದೆ ಅದು ರೈಲ್‌ವೈರ್ ಹೆಸರಿನಲ್ಲಿ ಮನೆಗಳಿಗೆ ಇಂಟರ್‌ನೆಟ್ ಕೊಡುವಾಗ ಸ್ಥಳೀಯ ಕೇಬಲ್ ಆಪರೇಟರುಗಳನ್ನೇ ಪಾಲುದಾರರನ್ನಾಗಿ ಮಾಡಿಕೊಂಡಿತು. ವೈರು ಹೊಸದು, ಮನೆಗೆ ತಂದು ಕೊಡುವವನು ಮಾತ್ರ ಅದೇ ಹಳೆಯ ಕೇಬಲ್ಲಿನವನು!

2016ರಲ್ಲಿ ಜಿಯೋ ಬಂದ ಮೇಲೆ ಹೆಚ್ಚಿನ ಮನೆಗಳು ಮೊಬೈಲಿಗೇ ಒಗ್ಗಿಕೊಂಡವು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ, ಅಣ್ಣನ ಪಾಠ ಮುಗಿಯುವ ತನಕ ತಂಗಿ ಕಾಯಬೇಕಾಯಿತು.